ಅಳದ ಕೂಸು

ಆ ದಸರಾ ರಜೆಯಲ್ಲಿ ನನಗೆ ಎಲ್ಲರಿಗಿಂತ ಕಡಿಮೆ ತೊಂದರೆ ಕೊಟ್ಟದ್ದು ಐದು ತಿಂಗಳ ಕೂಸು. ತಾಯಿ ಬೆಳಿಗ್ಗೆ ತಂದು ನನ್ನ ಮಡಿಲಿಗೆ ಹಾಕಿ ಹೋದರೆ ಜೋಲಿಯಲ್ಲಿ ಹಾಗೇ ಮಲಗಿಬಿಡುತ್ತಿತ್ತು. ನಡುವೆ ಒಮ್ಮೆ ಕಣ್ಣು ಬಿಟ್ಟು, ಹಾಲು ಕುಡಿದು, ಜಂತಿಯನ್ನು ನೋಡಿ ಮತ್ತೆ ಮಲಗುತ್ತಿತ್ತು. ಇಂಥ ಶಾಣ್ಯಾ ಕೂಸು ಇಳಕಲ್ಲಿನಲ್ಲೇ ಇಲ್ಲ ಎಂದು ನಾನು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದೆ. ಅದರಲ್ಲಿ ಅರ್ಧ ಹೆಚ್ಚುಗಾರಿಕೆ ನನ್ನ ಕೈಗುಣದ್ದು ಎಂಬ ಜಂಬವೂ ಸೇರಿತ್ತು.

ದೀಪಾವಳಿ ಮುಂದಿತ್ತು. ಸೀರೆಗಳಿಗೆ ಬೇಡಿಕೆ ಏರಿ, ನಮ್ಮ ಓಣಿಯ ಸಾವಕಾರರು ತಮ್ಮ ಮಗ್ಗದ ಶೆಡ್ಡಿಗೆ ಇನ್ನೂ ಮೂವರು ಹೆಣ್ಣುಮಕ್ಕಳನ್ನು ಕರೆಸಿಕೊಂಡಿದ್ದರು. ಸಾಲೆಗೆ ರಜೆ ಬಿದ್ದಿದ್ದರಿಂದ ಸಾಲೆಗೆ ಹೋಗುವ ಮಕ್ಕಳೂ ಮನೆಯಲ್ಲೇ ಉಳಿದಿದ್ದರು. ಅವರನ್ನು ನೋಡಿಕೊಳ್ಳುವವರಿಲ್ಲದಿದ್ದರೆ ತಾಯಂದಿರು ಕೆಲಸಕ್ಕೆ ಬರುವಂತಿರಲಿಲ್ಲ. ಸಾವಕಾರರು ನೂಲು ಇಡುವ ಕೋಣೆಯನ್ನು ಖಾಲಿ ಮಾಡಿಸಿ, ವರ್ಷಗಟ್ಟಲೆ ಓಣಿಯ ಮಕ್ಕಳನ್ನು ಆಡಿಸಿದ ನನ್ನನ್ನು ಕರೆದರು. ಕೋಣೆಗೂ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ಅವರ ಕರಾರೂ ಒಂದೇ: ಮಕ್ಕಳ ಅಳು ಆ ಕಡೆಗೆ ಕೇಳಬಾರದು. ಕೂಸು ಅತ್ತರೆ ತಾಯಿಯ ಕೈ ನಿಲ್ಲುತ್ತದೆ, ಕೈ ನಿಂತರೆ ಸೀರೆ ತಡವಾಗುತ್ತದೆ, ಹಾಗಾದರೆ ಕೋಣೆಗೆ ಮತ್ತೆ ನೂಲನ್ನೇ ತುಂಬುವುದು ಲೇಸು ಎಂದರು. ಇದನ್ನು ಅವರು ನನಗೂ ಹೇಳಿದರು, ನನ್ನೆದುರೇ ಆ ಮೂವರಿಗೂ ಹೇಳಿದರು. ಅದನ್ನು ನನಗೆ ಬಿಡಿ ಎಂದು ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

ಮೂವರು ತಾಯಂದಿರಿಗೆ ಆರು ಮಕ್ಕಳು. ಒಬ್ಬಳಿಗೆ ಹನ್ನೊಂದು ವರ್ಷದ ಮಗಳು ಮತ್ತು ಈಗಷ್ಟೇ ನಡೆಯಲು ಕಲಿತ ಚಿಕ್ಕ ಮಗಳು. ಇನ್ನೊಬ್ಬಳಿಗೆ ಏಳು ವರ್ಷದ ಅವಳಿ ಗಂಡುಮಕ್ಕಳು. ಮತ್ತೊಬ್ಬಳಿಗೆ ನಾಲ್ಕು ವರ್ಷದ ಮಗ ಮತ್ತು ಅವನ ತಮ್ಮನಾದ ಈ ಕೂಸು. ಒಂದೇ ವಯಸ್ಸಿನ ಹತ್ತು ಮಕ್ಕಳನ್ನು ಕೊಟ್ಟರೂ ನಾನು ಹೆದರುವವಳಲ್ಲ. ಆದರೆ ಹನ್ನೊಂದು ವರ್ಷದವಳಿಗೆ ಬೇಸರವಾಗದ ಆಟ ನಾಲ್ಕು ವರ್ಷದವನಿಗೆ ತಿಳಿಯುವುದಿಲ್ಲ, ಅವನಿಗೆ ತಿಳಿಯುವ ಆಟವನ್ನು ಕಂಡರೆ ಅವಳು ಮೂಗು ಮುರಿಯುತ್ತಾಳೆ. ಅವಳಿಗಳಿಗಂತೂ ಆಟ ಯಾವುದಾದರೂ ಸರಿ, ಕೊನೆಗೆ ಒಬ್ಬರನ್ನೊಬ್ಬರು ಕೆಡವಲು ಅವಕಾಶ ಇರಬೇಕು.

ಮೊದಲ ದಿನಗಳಲ್ಲಿ ಸೋತೆ. ಗಜಗದ ಕಾಯಿ ತಂದು ಹರಡಿದರೆ ನಡೆಯಲು ಕಲಿತ ಹುಡುಗಿ ಒಂದನ್ನು ಬಾಯಿಗೆ ಹಾಕಿಕೊಂಡಳು. ಬೆರಳು ಹಾಕಿ ತೆಗೆಯುವಷ್ಟರಲ್ಲಿ ನನಗೆ ಬೆವರು ಕಿತ್ತುಬಂತು. ಅಂದಿನಿಂದ ಮುಷ್ಟಿಗಿಂತ ಚಿಕ್ಕದಾದ ಯಾವ ವಸ್ತುವೂ ಕೋಣೆಯಲ್ಲಿ ಉಳಿಯಲಿಲ್ಲ. ಕುಂಟಾಬಿಲ್ಲೆ ಹಾಕಿದರೆ ನಾಲ್ಕು ವರ್ಷದವನು ಗೆರೆಯ ಮೇಲೆ ಮಲಗಿ ಅತ್ತ. ಒಮ್ಮೆ ಬೇಸತ್ತು ನನ್ನ ಮೊಬೈಲನ್ನೇ ಕೊಟ್ಟುಬಿಟ್ಟೆ. ಕೋಣೆ ತಣ್ಣಗಾಯಿತು ನಿಜ, ಆದರೆ ತಿರುಗಿ ಇಸಿದುಕೊಂಡಾಗ ಎದ್ದ ಕೂಗಿಗೆ ಸಾವಕಾರರೇ ಬಂದು ಬಾಗಿಲಲ್ಲಿ ನಿಂತರು. ಮತ್ತೆ ಮೊಬೈಲಿನ ಗೊಡವೆಗೆ ಹೋಗಲಿಲ್ಲ.

ದಾರಿ ಸಿಕ್ಕಿದ್ದು ತುಂಡು ನೂಲಿನಿಂದ. ಮಗ್ಗದಲ್ಲಿ ಉಳಿದ ಬಣ್ಣದ ಎಳೆಗಳನ್ನು ತಂದು ಕಂಬದಿಂದ ಕಂಬಕ್ಕೆ ಕಟ್ಟುವ ಆಟ ಹೂಡಿದೆ. ಹಿರಿಯ ಹುಡುಗಿ ಎಲ್ಲಿ ಕಟ್ಟಬೇಕೆಂದು ಹೇಳುವವಳು, ಅವಳಿಗಳು ಎಳೆದು ಕಟ್ಟುವವರು, ನಾಲ್ಕು ವರ್ಷದವನು ಚಿಂದಿ ನೇತುಹಾಕುವವನು, ಚಿಕ್ಕವಳು ಕೆಳಗೆ ನುಸುಳುವವಳು, ಕೂಸು ಕಣ್ಣು ಬಿಟ್ಟಾಗ ಜೋಲಿಯಿಂದ ನೋಡುವುದು. ಆಟ ಒಂದೇ, ಕೆಲಸ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಅದರ ಜೊತೆ ಪಾಳಿಯ ಕಟ್ಟಳೆಯನ್ನೂ ಹಾಕಿದೆ. ಆಟದಲ್ಲಿ ಆಸೆ ಹುಟ್ಟಿಸುವ ಕೆಲಸ ಯಾವುದಿದ್ದರೂ ಅದು ಎಲ್ಲರ ಕೈಗೂ ಒಮ್ಮೆ ಬರಲೇಬೇಕು. ಅವಳಿಗಳಲ್ಲಿ ಒಬ್ಬನಿಗೆ ಸಿಕ್ಕಿ ಇನ್ನೊಬ್ಬನಿಗೆ ತಪ್ಪಿದರೆ ಅಂದಿನ ದಿನ ಮುಗಿದಂತೆ. ಪಾಳಿ ಬಂದ ಮೇಲೆ ಜಗಳ ನಿಂತಿತು. ಗೋಡೆಯಾಚೆ ಮಗ್ಗಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು, ಇಡೀ ದಿನ ಒಂದೂ ನಿಲ್ಲುತ್ತಿರಲಿಲ್ಲ. ನನಗೆ ಅದೇ ಬಹುಮಾನ.

ತೊಟ್ಟಿಲ ಕಾರ್ಯದ ಆಟ ಹಿರಿಯ ಹುಡುಗಿಯದು. ಅವಳು ಹುನಗುಂದದಲ್ಲಿ ಸೋದರಮಾವನ ಮಗುವಿಗೆ ಹೆಸರಿಡುವುದನ್ನು ನೋಡಿ ಬಂದಿದ್ದಳು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಅದರ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ಹೇಳಿ ತಲೆಯೆತ್ತುವಷ್ಟರಲ್ಲಿ ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಆಮೇಲೆ ಬೇಯಿಸಿದ ಕಾಳಿನ ಗುಗ್ಗರಿ ಹಂಚುತ್ತಾರೆ. ಹುಡುಗಿ ತಾನೇ ಸೋದರತ್ತೆಯಾದಳು. ಬೆನ್ನಿಗೆ ಗುದ್ದುವ ಹಕ್ಕು ಸಿಕ್ಕದ್ದೇ ತಡ ಅವಳಿಗಳು ಬೆಣ್ಣೆಯಂತಾದರು. ನಾಲ್ಕು ವರ್ಷದವನು ತಾಯಿ. ಚಿಕ್ಕವಳು ಎಚ್ಚರವಿದ್ದಾಗ ಬೀಗತಿ, ಅವಳ ಪಾಲಿಗೆ ಚುರುಮುರಿಯೇ ಗುಗ್ಗರಿ. ಚಿಂದಿ ಗೊಂಬೆಗೆ ದಿನಕ್ಕೊಂದು ಹೆಸರು ಬಿತ್ತು. ಮಕ್ಕಳು ಮೆಚ್ಚಿದ ಆಟವನ್ನು ಹಾಗೇ ಬಿಡುವುದಿಲ್ಲ, ದಿನಕ್ಕೊಂದು ಸೇರಿಸುತ್ತಾರೆ. ಒಂದು ದಿನ ಬಾಣಂತಿಯ ಸ್ನಾನ ಸೇರಿತು, ಒಂದು ದಿನ ಗುಟ್ಟಿ ತೇಯುವುದು ಸೇರಿತು. ಬಜೆ, ಅಳಲೆಕಾಯಿ, ಜಾಜಿಕಾಯಿಗಳನ್ನು ಕಲ್ಲಿನ ಮೇಲೆ ಒಂದೊಂದು ಸುತ್ತು ತೇಯ್ದು ಹಸುಗೂಸಿಗೆ ನೆಕ್ಕಿಸುವುದೇ ಗುಟ್ಟಿ. ನಮ್ಮಲ್ಲಿ ಅದಿಲ್ಲದೆ ಬೆಳೆದ ಕೂಸು ಕಡಿಮೆ. ಆಟಕ್ಕೆ ಇಟ್ಟಿಗೆ ಚೂರು ತೇಯ್ದು ಗೊಂಬೆಗೆ ಕುಡಿಸುತ್ತಿದ್ದರು.

ಕಡೆಗೆ ಗೊಂಬೆ ಬೇಡ, ನಿಜವಾದ ಕೂಸನ್ನೇ ತೊಟ್ಟಿಲಿಗೆ ಹಾಕೋಣ ಎಂದು ಗಂಟುಬಿದ್ದರು. ಜೋಲಿಯಿಂದ ಎತ್ತಬಾರದು, ಬಾಯಿಗೆ ಏನೂ ಹಾಕಬಾರದು ಎಂದು ಹೇಳಿ ಒಪ್ಪಿದೆ. ಹಿರಿಯ ಹುಡುಗಿ ಗಂಭೀರವಾಗಿ ತಲೆಯಾಡಿಸಿದಳು. ಅವಳ ತಂಗಿ ಮೂಲೆಯ ಕೌದಿಯ ಮೇಲೆ ಎಂದಿನಂತೆ ನಿದ್ದೆಯಲ್ಲಿದ್ದಳು. ನಾನು ಹಿಂದಿನ ಕಟ್ಟೆಯಲ್ಲಿ ಬಟ್ಟೆ ತೊಳೆದು ಹಾಲು ಕಾಯಿಸಲು ಹೋದೆ. ನಡುವಿನ ಬಾಗಿಲು ತೆರೆದೇ ಇತ್ತು. ಜೋಗುಳ ಕೇಳಿತು, ಕುರ್ರ್ ಕೇಳಿತು, ಬೆನ್ನಿಗೆ ಬಿದ್ದ ಗುದ್ದುಗಳು ಕೇಳಿದವು. ಆಮೇಲೆ ಕಲ್ಲು ತೇಯುವ ಸದ್ದು ಬಹಳ ಹೊತ್ತು ಕೇಳಿತು. ಇಟ್ಟಿಗೆಯಲ್ಲವೇ, ತೇಯಲಿ ಎಂದುಕೊಂಡು ಬಟ್ಟೆ ಹಿಂಡಿದೆ.

ಒಳಗೆ ಬಂದಾಗ ಕೂಸಿನ ಹಣೆಗೆ ಕುಂಕುಮ ಇಟ್ಟಿದ್ದರು, ಅದು ಮಲಗಿತ್ತು. ಮಕ್ಕಳು ನೂಲಿನ ಆಟಕ್ಕೆ ತಿರುಗಿದ್ದರು. ಹಾಲಿನ ಹೊತ್ತು ಮೀರಿತು. ಎಬ್ಬಿಸೋಣವೆಂದು ಅಂಗಾಲು ಕೆರೆದೆ, ಏಳಲಿಲ್ಲ. ಕೆನ್ನೆ ತಟ್ಟಿದೆ. ಕೈ ಎತ್ತಿ ಬಿಟ್ಟರೆ ತೊಯ್ದ ಅರಿವೆಯ ಹಾಗೆ ಬಿತ್ತು. ಮುಖ ಕೆಂಪಗಾಗಿತ್ತು, ತುಟಿ ಒಣಗಿತ್ತು. ಎದೆಯ ಮೇಲೆ ಅಂಗೈ ಇಟ್ಟರೆ ಬಡಿತ ಎಣಿಸಲಾರದಷ್ಟು ಜೋರಾಗಿ ಓಡುತ್ತಿತ್ತು. ಬಾಯಿಯ ಹತ್ತಿರ ಮೂಗು ಒಯ್ದೆ. ಹೋಳಿಗೆಯ ಹೂರಣದ ವಾಸನೆ ಬಂತು. ಹಾಲು ಬಿಟ್ಟು ಏನನ್ನೂ ತಿನ್ನದ ಕೂಸಿನ ಬಾಯಲ್ಲಿ ಹೂರಣದ ವಾಸನೆ! ಅಷ್ಟು ವರ್ಷ ಮಕ್ಕಳನ್ನು ಎತ್ತಿ ಆಡಿಸಿದ ತೋಳುಗಳಿಗೆ ಆ ಒಂದು ಕೂಸನ್ನು ಎತ್ತುವುದು ಹೇಗೆಂದು ಕ್ಷಣಕಾಲ ಮರೆತುಹೋಯಿತು.

ಗೋಡೆಗೆ ಕೈಯಿಂದ ಬಡಿದೆ. ಒಂದು ಮಗ್ಗ ನಿಂತಿತು, ಕೂಸಿನ ತಾಯಿ ಓಡಿ ಬಂದಳು. ಆಟೋದಲ್ಲಿ ದವಾಖಾನೆಗೆ ಹೋಗುವಷ್ಟು ದೂರವೂ ಅವಳು ಕೂಸಿನ ಹೆಸರನ್ನು ಮಾತ್ರ ಹೇಳುತ್ತಿದ್ದಳು, ಬೇರೆ ಮಾತೇ ಇಲ್ಲ.

ಅಲ್ಲಿದ್ದ ವೈದ್ಯೆ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೆ ಗಾಬರಿಯಾಗುವವರಲ್ಲ. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟರು, ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಪರೀಕ್ಷಿಸಿದರು, ಪುಟ್ಟ ಕೈಗೆ ಸಲೈನ್ ಸೂಜಿ ಹಾಕಿಸಿದರು. ಇಷ್ಟೂ ಮಾಡುತ್ತಲೇ ಕೂಸಿನ ಹೊಟ್ಟೆಗೆ ಏನು ಹೋಗಿದೆ ಎಂದು ಕೇಳಿದರು. ಬೆಳಿಗ್ಗೆ ಒಂದು ಸುತ್ತು ಗುಟ್ಟಿ ಹಾಕಿದ್ದೆ, ಅಷ್ಟೇ ಎಂದಳು ತಾಯಿ. ಒಂದು ಸುತ್ತಿಗೆ ಹೀಗಾಗುವುದಿಲ್ಲ ಎಂದರು ವೈದ್ಯೆ. ನಾನು ಹೂರಣದ ವಾಸನೆ ಮತ್ತು ಕಲ್ಲಿನ ಸದ್ದು ಎರಡನ್ನೂ ಹೇಳಿದೆ. ಅವರು ನನ್ನನ್ನು ಬದಿಗೆ ಕರೆದರು.

"ಹೂರಣದ ವಾಸನಿ ಅಂದ್ರ ಜಾಜಿಕಾಯಿ, ಹೆಚ್ಚಾದ್ರ ಅಮಲು ಏರತೈತಿ. ಬರೇ ಅದ ಆಗಿದ್ರ ನಾ ಇಲ್ಲೇ ನೋಡ್ಕೋತೇನಿ. ಅದರ ಜೋಡಿ ಯಾರದರ ಗುಳಿಗಿ, ಅಫೀಮು, ಏನರ ಸೇರಿದ್ರ ದಾರಿನ ಬ್ಯಾರೆ, ಬಾಗಲಕೋಟಿಗೆ ಕಳಸಬೇಕು. ಗಾಡಿ ತಯಾರ ಇಡ್ತೇನಿ. ಆ ಹುಡುಗರನ್ನ ಕೇಳಿ ಬರ್ರಿ. ಹೆದರಿಸಬ್ಯಾಡ್ರಿ, ನನಗ ಖರೆ ಬೇಕು."

ಕೋಣೆಗೆ ಮರಳಿದಾಗ ಅಲ್ಲಿ ಆಗಲೇ ಪಂಚಾಯ್ತಿ ನಡೆದಿತ್ತು. ಅವಳಿಗಳ ತಾಯಿ ಇಬ್ಬರಿಗೂ ಬಾರಿಸಿದ್ದಳು. ಹಿರಿಯ ಹುಡುಗಿಯ ಹೆರಳು ಅವಳ ತಾಯಿಯ ಕೈಯಲ್ಲಿತ್ತು. ಯಾರು ಹಾಕಿದ್ದು ಎಂಬ ಒಂದೇ ಪ್ರಶ್ನೆಗೆ ನಾಲ್ಕೂ ಮಕ್ಕಳದು ನಾನಲ್ಲ ಎಂಬ ಒಂದೇ ಉತ್ತರ. ಕೂಸಿನ ಚೀಲ ತೆಗೆದು ನೋಡಿದೆ. ಹೊಟ್ಟೆ ಉಬ್ಬಿದರೆ ಒಂದು ಸುತ್ತು ಬಜೆ ತೇಯ್ದು ಹಾಕಿ ಎಂದು ತಾಯಿ ಗುಟ್ಟಿಯ ಗಂಟು ಮತ್ತು ಕಲ್ಲನ್ನು ಅದರಲ್ಲೇ ಇಟ್ಟಿರುತ್ತಿದ್ದಳು. ಗಂಟು ಕಟ್ಟಿದಂತೆಯೇ ಇತ್ತು. ಕಲ್ಲನ್ನು ಯಾರೋ ತೊಳೆದು, ಒರೆಸಿ, ಒಪ್ಪವಾಗಿ ಇಟ್ಟಿದ್ದರು. ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲಿ ಒಂದು ಜೀವ ಹೊಯ್ದಾಡುತ್ತಿದೆ, ಇಲ್ಲಿ ಇವರು ಬಾಯಿ ಹೊಲಿದುಕೊಂಡು ಕೂತಿದ್ದಾರೆ. ನನ್ನ ಕೈಯೂ ಏಳುವುದರಲ್ಲಿತ್ತು.

ಆಗ ಅವಳಿಗಳ ಮುಖ ಕಂಡಿತು. ಇಬ್ಬರೂ ಕಣ್ಣು ಮುಚ್ಚಿ, ಭುಜ ಕುಗ್ಗಿಸಿ, ಮುಂದಿನ ಏಟಿಗೆ ತಯಾರಾಗಿ ನಿಂತಿದ್ದರು. ಏಟಿಗೆ ತಯಾರಾದವರಿಂದ ಮಾತು ಬರುವುದಿಲ್ಲ. ಇಬ್ಬರು ತಾಯಂದಿರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಹೊತ್ತು ಕಳೆಯುತ್ತಿದೆ, ಈಗ ಆಟವೇ ಎಂದು ಒಬ್ಬಳು ಹೊರಗಿನಿಂದ ಕೂಗಿದಳು. ಕೇಳದವಳಂತೆ ಚಿಂದಿ ಗೊಂಬೆಯನ್ನು ಜೋಲಿಗೆ ಹಾಕಿ ನೆಲದ ಮೇಲೆ ಕೂತೆ.

"ತೊಟ್ಟಿಲ ಕಾರ್ಯ ಮತ್ತ ಆಡೂಣು. ಇವತ್ತ ಸ್ವಾದರತ್ತಿ ನಾನ. ನೀವು ಹೆಂಗ ಮಾಡಿದ್ರಿ, ಹಂಗ ಮಾಡಬೇಕು ನೋಡ್ರಿ."

ಯಾರೂ ಅಲುಗಲಿಲ್ಲ. ನಾನು ಗೊಂಬೆಯ ಕಿವಿಗೆ ಬಾಗಿ ಕುರ್ರ್ ಎಂದು ಬಾಯಿಗೆ ಬಂದ ಹೆಸರು ಹೇಳಿ ಬೆನ್ನು ಬಗ್ಗಿಸಿ ಕೂತೆ. ಮೊದಲ ಗುದ್ದು ಹಗುರವಾಗಿ ಬಿತ್ತು. ಒಬ್ಬನಿಗೆ ಪಾಳಿ ಸಿಕ್ಕಿತಲ್ಲ, ಎರಡನೆಯವನು ಬಿಡುತ್ತಾನೆಯೇ. ಅವನದು ಜೋರಾಗಿಯೇ ಬಿತ್ತು. ನಾಲ್ಕು ವರ್ಷದವನು ಮೂಗು ಒರೆಸಿಕೊಂಡು ಹತ್ತಿರ ಬಂದ. ಇನ್ನೇನು ಮಾಡಬೇಕು ಎಂದು ಕೇಳಿದೆ. ಗುಟ್ಟಿ ಎಂದ ಅವನು, ತಾನೇ ಹೋಗಿ ಚೀಲ ಎಳೆದುಕೊಂಡು ಬಂದ.

ಗಂಟು ಬಿಚ್ಚಿ ಬಜೆಯ ಬೇರನ್ನು ಮೂಸಿ ಮುಖ ಕಿವುಚಿ ಆಚೆಗಿಟ್ಟ. ಅಳಲೆಕಾಯಿಯನ್ನೂ ಆಚೆಗಿಟ್ಟ. ಜಾಜಿಕಾಯಿಯನ್ನು ಮೂಸಿ, ಇದು ಹೋಳಿಗೆಯ ವಾಸನೆ, ಇದೇ ಚಲೋದು ಎಂದ. ಕಲ್ಲಿಗೆ ನೀರು ಹಾಕಿ ತೇಯ್ದು, ಅವಳಿಗಳಲ್ಲಿ ಒಬ್ಬನಿಗೆ ಕೊಟ್ಟ. ಅವನು ಕೈ ಸೋಲುವವರೆಗೆ ತೇಯ್ದು ಇನ್ನೊಬ್ಬನಿಗೆ ಕೊಟ್ಟ. ಅವನು ತಾನೇನು ಕಡಿಮೆ ಎಂದು ಇನ್ನೂ ಹೆಚ್ಚು ತೇಯ್ದು ಹಿರಿಯ ಹುಡುಗಿಗೆ ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ನಿನ್ನದೂ ಪಾಳಿ ಇತ್ತು, ನೀನೂ ತೇಯ್ದಿದ್ದೆ ಎಂದು ಅವನು ದೂರಿದ. ಕಲ್ಲಿನ ಮೇಲೆ ಕಂದು ಬಣ್ಣದ ದಪ್ಪ ಗಂಧ ನಿಂತಿತ್ತು. ನಾನು ಕಲಿಸಿದ ಪಾಳಿಯನ್ನು ಒಬ್ಬರಿಗೂ ತಪ್ಪಿಸದೆ ಪಾಲಿಸಿದ್ದರು.

ಹಿರಿಯ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಇದರ ಜೊತೆ ಬೇರೆ ಏನಾದರೂ ತೇಯ್ದಿರಾ, ಯಾರ ಮನೆಯದಾದರೂ ಗುಳಿಗೆ ಇತ್ತೇ ಎಂದು ಕೇಳಿದೆ.

"ಇಲ್ರಿ ಅಕ್ಕಾರ, ದೇವರಾಣಿ ಇಲ್ಲ. ಬಾಯಿಗೆ ಏನೂ ಹಾಕಬ್ಯಾಡ್ರಿ ಅಂದಿದ್ರಿ ನೀವು, ಅದಕ್ಕ ಹೊರಗಿಂದು ಏನೂ ಹಾಕಲಿಲ್ರಿ. ಇದು ಕೂಸಿಂದ ಗುಟ್ಟಿ ಅಲ್ಲೇನ್ರಿ? ಅದಕ್ಕ ದಿನಾ ಹಾಕೂದ."

ಅವಳ ಲೆಕ್ಕದಲ್ಲಿ ಅವಳು ನನ್ನ ಮಾತು ಮೀರಿರಲೇ ಇಲ್ಲ. ಎಷ್ಟು ಕುಡಿಸಿದಿರಿ ಎಂದರೆ ಚಮಚದಿಂದ ಗೊಂಬೆಗೆ ಕುಡಿಸಿ ತೋರಿಸಿದಳು. ಸ್ವಲ್ಪ ಹೊರಗೆ ಉಗುಳಿತು ಎಂದು ಗೊಂಬೆಯ ಗದ್ದ ಒರೆಸಿದ್ದನ್ನೂ ತೋರಿಸಿದಳು. ಆಟ ಮುಗಿದ ಮೇಲೆ ಕಲ್ಲು ತೊಳೆದಿಡಬೇಕು ಎಂದು ತನ್ನ ತಾಯಿ ಹೇಳುವುದನ್ನು ನೆನೆದು ತೊಳೆದಿಟ್ಟಿದ್ದಳು. ಬಚ್ಚಿಡುವುದಕ್ಕೆ ತೊಳೆದದ್ದೆಂದು ನಾನು ಹಲ್ಲು ಕಡಿದಿದ್ದೆ.

ವೈದ್ಯೆಗೆ ಫೋನು ಮಾಡಿದೆ. ಬರೇ ಜಾಜಿಕಾಯಿ ಎಂದಾಗ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಆದರೆ ಆಟಕ್ಕೆ ಮೊದಲೇ ಕೂಸು ಮಂಪರಿನಲ್ಲಿತ್ತೇ ಎಂದು ಕೇಳಿದರು. ಮಲಗಿತ್ತು, ಅದು ಯಾವಾಗಲೂ ಮಲಗಿರುತ್ತದೆ ಎಂದೆ. ಯಾವಾಗಲೂ ಎಂದರೇನು ಎಂದರು ಅವರು. ವಿಚಾರಿಸಿ ಹೇಳುತ್ತೇನೆ ಎಂದೆ.

ಫೋನು ಇಟ್ಟು ನೋಡುತ್ತೇನೆ, ನಾಲ್ಕು ವರ್ಷದವನು ಮತ್ತೆ ತೇಯುತ್ತ ಕೂತಿದ್ದ. ಸಾಕು ಬಿಡು, ಪಾಳಿ ಮುಗಿಯಿತು ಎಂದೆ. ಅವನು ತಲೆ ಎತ್ತಲಿಲ್ಲ.

"ಇದು ಆಟದ್ದಲ್ರಿ. ಇದು ಮುಂಜಾನಿದು. ಹಾಡು ಮುಗಿಯೂತನಾ ತೇಯಬೇಕು."

ಅವನು ತಾಯಿಯಾಗಿದ್ದ. ತಲೆಯ ಮೇಲೆ ಇಲ್ಲದ ಸೆರಗನ್ನು ಸರಿಮಾಡಿಕೊಂಡು, ಬಾಗಿಲ ಕಡೆಗೊಮ್ಮೆ ನೋಡಿ, ತೊಡೆಯ ಮೇಲೆ ಗೊಂಬೆಯನ್ನು ಅಡ್ಡ ಹಾಕಿಕೊಂಡು, ಜೋಗುಳ ಗುನುಗುತ್ತ ತೇಯ್ದ. ಬಹಳ ನುಡಿಗಳ ಜೋಗುಳ ಅದು. ಮೊದಲಿನಿಂದಲೂ ಅವ್ವ ಇಷ್ಟೇ ತೇಯುತ್ತಾಳೆಯೇ ಎಂದು ಕೇಳಿದೆ. ಇಲ್ಲವಂತೆ. ಮೊದಲು ಒಂದೇ ಸುತ್ತಂತೆ, ಇಲ್ಲಿಗೆ ಬರಲು ಶುರುವಾದ ಮೇಲೆ ಹಾಡಿನ ತನಕವಂತೆ. ಯಾಕೆ ಎಂದೆ. ಅವನು ತೇಯುವುದನ್ನು ನಿಲ್ಲಿಸದೆ ಹೇಳಿದ:

"ತಮ್ಮ ಅತ್ತರ ಅಕ್ಕಾರಿಗೆ ತ್ರಾಸ ಆಗತೈತಿ. ಅಕ್ಕಾರು ಒಲ್ಲೆ ಅಂದ್ರ ಅವ್ವನ ಮಗ್ಗ ಹೋಗತೈತಿ."

ನನ್ನ ಕೈಗುಣ ಎಂದು ಓಣಿಯ ತುಂಬ ಹೇಳಿಕೊಂಡದ್ದು ಇದನ್ನು. ಆ ಕೂಸು ಶಾಣ್ಯಾ ಆಗಿರಲಿಲ್ಲ, ದಿನವೂ ಮತ್ತಿನಲ್ಲಿತ್ತು. ಎದ್ದು ಅತ್ತು ಆಡಬೇಕಾದ ಹಗಲುಗಳನ್ನೆಲ್ಲ ನನ್ನ ಕಣ್ಣೆದುರೇ ಮಂಪರಿನಲ್ಲಿ ಕಳೆದಿತ್ತು, ನಾನು ಜೋಲಿ ತೂಗಿ ಮೆಚ್ಚಿಕೊಂಡಿದ್ದೆ. ನಾಚಿಕೆಗಿಂತ ಮೊದಲು ನನಗೆ ಬಂದದ್ದು ಭಯ.

ಹಿರಿಯ ಹುಡುಗಿ ನನ್ನ ಸೆರಗು ಎಳೆದಳು. ಅಷ್ಟು ಹೊತ್ತು ತಡೆದ ಅಳು ಈಗ ಬಂದಿತ್ತು. ಅವಳು ಮೂಲೆಯ ಕೌದಿಯ ಕಡೆಗೆ ಕೈ ಮಾಡಿದಳು.

"ಅಕ್ಕಾರ, ನಮ್ಮ ತಂಗೀಗೂ ಅವ್ವ ದಿನಾ ನೆಗಡಿ ಔಷಧ ಹಾಕ್ತಾಳ್ರಿ. ಆಕಿಗೆ ನೆಗಡಿನ ಇಲ್ಲ."

ಬಡಿದಾಟ, ಕೂಗಾಟ, ಅಳು, ಬಾಗಿಲು ಹಾಕಿದ ಸದ್ದು ಇಷ್ಟೆಲ್ಲ ಆದರೂ ಆ ಚಿಕ್ಕವಳು ಮಗ್ಗಲು ಸಹ ಬದಲಿಸದೆ ಮಲಗಿದ್ದಳು. ಅದನ್ನು ನಾನೂ ನೋಡಿರಲಿಲ್ಲ, ಅವಳ ತಾಯಿಯೂ ನೋಡಿರಲಿಲ್ಲ. ಓಡಿ ಹೋಗಿ ಎತ್ತಿಕೊಂಡೆ. ಬಹಳ ಅಲುಗಾಡಿಸಿದ ಮೇಲೆ ಕಣ್ಣು ಬಿಟ್ಟು, ನನ್ನ ಭುಜದ ಮೇಲೆ ತಲೆ ಹಾಕಿ ಮತ್ತೆ ಮುಚ್ಚಿದಳು. ಆರು ಮಕ್ಕಳ ಕೋಣೆಯನ್ನು ಗೆದ್ದೆನೆಂದು ಬೀಗಿದ್ದೆನಲ್ಲ. ನಾನು ಆಡಿಸಿದ್ದು ನಾಲ್ವರನ್ನು, ಇನ್ನಿಬ್ಬರನ್ನು ಔಷಧಿ ಆಡಿಸಿತ್ತು.

ಕಲ್ಲು, ಜಾಜಿಕಾಯಿ, ಚಿಕ್ಕವಳು, ಅವಳ ತಾಯಿ, ಮನೆಯಿಂದ ತರಿಸಿದ ಔಷಧದ ಬಾಟಲಿ ಎಲ್ಲವನ್ನೂ ಕೂಡಿಸಿಕೊಂಡು ದವಾಖಾನೆಗೆ ಹೋದೆ. ವೈದ್ಯೆ ಕಲ್ಲಿನ ಮೇಲಿನ ಗಂಧವನ್ನು ನೋಡಿ, ಬೆಳಗಿನದು ಮತ್ತು ಆಟದ್ದು ಎರಡೂ ಸೇರಿದೆ ಎಂದು ನನ್ನಿಂದ ಕೇಳಿ, ಬಾಗಲಕೋಟೆಯ ಗಾಡಿಯನ್ನು ಸದ್ಯಕ್ಕೆ ತಡೆದರು. ಇದಕ್ಕೆ ಮದ್ದು ಎಂಬುದಿಲ್ಲ, ಉಸಿರು ಮತ್ತು ಎದೆಬಡಿತ ಕಾಯಬೇಕು, ಸಲೈನ್ ನಡೆಯಬೇಕು, ಬೆಳಗಿನ ಹೊತ್ತಿಗೆ ಏಳಬೇಕು ಎಂದರು. ಚಿಕ್ಕವಳನ್ನು ಪರೀಕ್ಷಿಸಿ, ಔಷಧ ಇಂದಿಗೇ ನಿಲ್ಲಬೇಕೆಂದು ಅವಳ ತಾಯಿಗೆ ಕಟ್ಟುನಿಟ್ಟಾಗಿ ಹೇಳಿದರು.

ಕೂಸಿನ ತಾಯಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ. ಅವಳನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ತಾಯಿಯಾಗಿ ಇದೆಂಥ ಕೆಲಸ ಎಂದು ಶುರುಮಾಡುವವಳಿದ್ದೆ. ಅವಳೇ ಮೊದಲು ಬಾಯಿ ಬಿಟ್ಟಳು.

"ನನ್ನ ಕೂಸಿನ ಸಂಬಂಧ ಎಲ್ಲಾರ ಮಗ್ಗ ನಿಂತಾವು ಅಂತ ಹೆದರಿದ್ನಿರಿ. ನೀವು ದಿನಾ ಶಾಣ್ಯಾ ಕೂಸು ಅಂತಿದ್ರಿ. ನೀವು ಹಂಗ ಅಂದಾಗೊಮ್ಮೆ ನಾ ಮುಖಾ ತಿರುವಿಕೊಂಡು ಮಗ್ಗಕ್ಕ ಹೋಗತಿದ್ನಿರಿ."

ಜೋಡಿಸಿದ ಮಾತುಗಳೆಲ್ಲ ಹಾಗೇ ಉಳಿದವು. ಅವಳ ಕೈ ಹಿಡಿದುಕೊಂಡೆನೋ, ಅವಳೇ ನನ್ನ ಕೈ ಹಿಡಿದಳೋ ಈಗ ನೆನಪಿಲ್ಲ.

ಬೆಳಗಾದ ಮೇಲೆ ಸೂಜಿ ಬದಲಿಸಲು ನರ್ಸಮ್ಮ ಬಂದು ಪಟ್ಟಿ ಕೀಳುತ್ತಿದ್ದಂತೆ ಕೂಸು ಮುಖ ಕಿವುಚಿತು. ಮೊದಲು ಸದ್ದಿಲ್ಲದೆ ಬಾಯಿ ತೆರೆಯಿತು. ಆಮೇಲೆ ಅತ್ತಿತು. ಆ ಕೂಸಿನ ಅಳುವನ್ನು ನಾನು ಅಂದೇ ಮೊದಲ ಸಲ ಕೇಳಿದ್ದು. ಎಷ್ಟು ದೊಡ್ಡ ಗಂಟಲು ಅದರದು! ವೈದ್ಯೆ ಬಾಗಿಲಲ್ಲೇ ನಿಂತು ನಕ್ಕರು. ತಾಯಿ ಅದನ್ನು ಎದೆಗವಚಿಕೊಂಡು ತಾನೂ ಅತ್ತಳು.

ಕೂಸು ಚೇತರಿಸಿಕೊಂಡು ಕೋಣೆ ಮತ್ತೆ ತೆರೆಯುವ ಮೊದಲು ಮೂವರು ತಾಯಂದಿರನ್ನೂ ಸಾವಕಾರರನ್ನೂ ಎದುರಿಗೆ ನಿಲ್ಲಿಸಿಕೊಂಡೆ. ಈ ಸಲ ಕರಾರು ನನ್ನದು. ಮಕ್ಕಳನ್ನು ಎಚ್ಚರವಿದ್ದಾಗಲೇ ನನ್ನ ಕೈಗೆ ಕೊಡಬೇಕು. ಬಾಗಿಲಲ್ಲೇ ಅಂಗಾಲು ಕೆರೆದು ನೋಡುತ್ತೇನೆ, ಕೂಸು ನಗಬೇಕು, ಇಲ್ಲವೇ ಅಳಬೇಕು. ಎರಡೂ ಇಲ್ಲದಿದ್ದರೆ ಒಳಗಲ್ಲ, ನೇರ ದವಾಖಾನೆಗೆ. ಸಾವಕಾರರು ಗೊಣಗಿದರು. ಗದ್ದಲವಾದರೆ ಸೀರ್ಯಾಗ ಎಳಿ ತಪ್ಪತಾವಲ್ಲರಿ ಎಂದರು. ಎಳೆ ತಪ್ಪಿದ ಸೀರೆಯನ್ನು ಬಿಚ್ಚಿ ನೇಯಬಹುದು ಎಂದೆ. ಅವರೂ ಮೊಮ್ಮಕ್ಕಳನ್ನು ಕಂಡವರು, ಮುಂದೆ ಮಾತಾಡಲಿಲ್ಲ.

ಮೊದಲ ದಿನವೇ ಚಿಕ್ಕವಳು ನೂಲೆಲ್ಲ ಕಿತ್ತು ರಾದ್ಧಾಂತ ಮಾಡಿದಳು. ನಿದ್ದೆಯಲ್ಲಿ ಕಳೆದ ದಿನಗಳ ತುಂಟತನವನ್ನೆಲ್ಲ ಒಮ್ಮೆಲೇ ತೀರಿಸಿಕೊಳ್ಳುವಂತಿತ್ತು. ಹಿರಿಯ ಹುಡುಗಿ ಮಾತ್ರ ಜೋಲಿಯ ಹತ್ತಿರ ಸುಳಿಯದೆ ಕಿಟಕಿಗೆ ಅಂಟಿಕೊಂಡು ನಿಂತಿದ್ದಳು. ಮಧ್ಯಾಹ್ನ ಕೂಸು ಎದ್ದು ಚೀರತೊಡಗಿತು. ಅವಳು ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡಳು. ಅವಳನ್ನು ಕೂರಿಸಿ, ಕೂಸನ್ನು ಎತ್ತಿ ಒಯ್ದು ಅವಳ ಮಡಿಲಲ್ಲೇ ಇಟ್ಟೆ. ಅವಳು ಕೈ ಹಚ್ಚಲು ಹೆದರಿದಳು. ಕೂಸು ಅವಳ ಲಂಗ ಹಿಡಿದು ಇನ್ನೂ ಜೋರಾಗಿ ಚೀರಿತು. ಕಡೆಗೆ ಅವಳು ಅದನ್ನು ಎದೆಗೆ ಒತ್ತಿಕೊಂಡು, ಮೆಲ್ಲಗೆ ಆಚೀಚೆ ತೂಗಿದಳು.

ಗೋಡೆಯಾಚೆ ಒಂದು ಮಗ್ಗ ನಿಂತಿತು. ಕೂಸಿನ ತಾಯಿಯದೆಂದು ನನಗೆ ಗೊತ್ತಿತ್ತು. ಎದ್ದು ಬರುತ್ತಾಳೇನೋ ಎಂದು ಬಾಗಿಲು ನೋಡಿದೆ. ಬರಲಿಲ್ಲ. ಅವಳು ಕೂತಲ್ಲೇ ಆ ಅಳುವನ್ನು ಕೇಳುತ್ತಿದ್ದಿರಬೇಕು. ಆಮೇಲೆ ಮಗ್ಗ ಮತ್ತೆ ಶುರುವಾಯಿತು.